ತಾಯಿಯ ಕೈಗೆ ಐದು ಶಿಲಿಂಗ್

1976ರ ಜೂನ್ 17ರಂದು ಲಂಡನ್ನಿನ ‘ನ್ಯೂ ಸೊಸೈಟಿ’ ವಾರಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಫ್ರಾಂಕ್ ಫೀಲ್ಡ್, ಬಡಮಕ್ಕಳ ಪರವಾಗಿ ಕೆಲಸ ಮಾಡುತ್ತಿದ್ದ ‘ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್’ ಎಂಬ ಸಣ್ಣ ಸಂಸ್ಥೆಯ ನಿರ್ದೇಶಕರು. ಸರ್ಕಾರವನ್ನು ಟೀಕಿಸುವ ಲೇಖನಗಳಿಗೆ ಆ ಪತ್ರಿಕೆಯಲ್ಲಿ ಬರವಿರಲಿಲ್ಲ. ಆದರೆ ಇದರಲ್ಲಿದ್ದದ್ದು ಬರಿಯ ಟೀಕೆಯಲ್ಲ. ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವರ ಸಚಿವ ಸಂಪುಟದಲ್ಲಿ ಯಾರು ಏನು ಹೇಳಿದರು ಎಂಬುದು ಗೋಪ್ಯ ನಡಾವಳಿಯಿಂದಲೇ ಎತ್ತಿಕೊಂಡು ಬಂದಿತ್ತು. ಓದಿದವರು ದಂಗಾದರು. ಸ್ಕಾಟ್‌ಲೆಂಡ್ ಯಾರ್ಡ್ ಪೊಲೀಸರು ತನಿಖೆಗಿಳಿದರು. ಕಾಗದ ಕೊಟ್ಟವರು ಯಾರೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

ಸಂಪುಟ ಬಚ್ಚಿಡಲು ಹೊರಟಿದ್ದು ಯುದ್ಧದ ಗುಟ್ಟನ್ನಲ್ಲ, ಮಕ್ಕಳ ಭತ್ಯೆಯನ್ನು. ಹಿಂದಿನ ವರ್ಷವಷ್ಟೇ ಸಂಸತ್ತು ಒಂದು ಕಾಯ್ದೆ ಮಾಡಿತ್ತು. ಚೊಚ್ಚಲ ಮಗುವೂ ಸೇರಿ ಪ್ರತಿ ಮಗುವಿಗೂ ವಾರಕ್ಕಿಷ್ಟು ಎಂದು ಹಣ, ಅದೂ ತಾಯಿಯ ಕೈಗೆ. ಅಲ್ಲಿಯವರೆಗೆ ಮಕ್ಕಳಿರುವ ಗಂಡಸಿನ ಸಂಬಳಕ್ಕೆ ತೆರಿಗೆ ರಿಯಾಯಿತಿ ಇತ್ತು. ಅದನ್ನು ತೆಗೆದು ಆ ಹಣವನ್ನೂ ತಾಯಿಗೆ ಕೊಡುವುದು ಕಾಯ್ದೆಯ ಉದ್ದೇಶ. ಇದನ್ನು ತಂದ ಸಚಿವೆ ಬಾರ್ಬರಾ ಕ್ಯಾಸಲ್. ಕ್ಯಾಲಹನ್ 1976ರ ಏಪ್ರಿಲ್‌ನಲ್ಲಿ ಪ್ರಧಾನಿಯಾದ ಕೂಡಲೇ ಆಕೆಯನ್ನು ಸಂಪುಟದಿಂದ ಕೈಬಿಟ್ಟರು. ಬೆಲೆಗಳು ಏರುತ್ತಿದ್ದವು, ಹೆಚ್ಚು ಕೂಲಿ ಕೇಳಬೇಡಿ ಎಂದು ಕಾರ್ಮಿಕ ಸಂಘಗಳ ಮನವೊಲಿಸಿದ್ದಾಗಿತ್ತು. ಈಗ ಗಂಡಸರ ಸಂಬಳದ ಲಕೋಟೆ ತೆಳ್ಳಗಾದರೆ ಏನು ಗತಿ ಎಂದು ಸಚಿವರು ಹೆದರಿದರು. ಸಂಘಗಳ ನಾಯಕರಿಗೆ ‘ನಮ್ಮ ಸಂಸದರೇ ಒಪ್ಪುತ್ತಿಲ್ಲ’ ಎಂದರು. ಸಂಪುಟಕ್ಕೆ ಬಂದು ‘ಸಂಘಗಳೇ ಒಪ್ಪುತ್ತಿಲ್ಲ’ ಎಂದರು. ಮೇ ತಿಂಗಳಲ್ಲಿ ಯೋಜನೆ ಮುಂದಕ್ಕೆ ಹೋಯಿತು. ಗಂಡನ ಕಿಸೆಯಿಂದ ಹೆಂಡತಿಯ ಪರ್ಸಿಗೆ ನಾಲ್ಕು ಕಾಸು ಹೋಗುವುದನ್ನು ತಡೆಯಲು ಒಂದು ಸರ್ಕಾರ ಇಷ್ಟೆಲ್ಲ ಮಾಡಿತು.

ಆ ನಾಲ್ಕು ಕಾಸಿನ ಹಿಂದೆ ಮುಕ್ಕಾಲು ಶತಮಾನದ ಲೆಕ್ಕಾಚಾರವಿತ್ತು. ಅದು ಶುರುವಾದದ್ದು ಉತ್ತರ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ.

ಸೀಬೋಮ್ ರೌಂಟ್ರಿ ಚಾಕೊಲೇಟ್ ಕಾರ್ಖಾನೆಯ ಮನೆತನದವನು, ಕ್ವೇಕರ್ ಪಂಥದವನು. 1899ರಲ್ಲಿ ಯಾರ್ಕ್‌ನ ಕಾರ್ಮಿಕರ ಮನೆಮನೆಗೂ ಗಣತಿದಾರರನ್ನು ಕಳಿಸಿ 11,560 ಕುಟುಂಬಗಳ ವಿವರ ಬರೆಸಿದ. ಗಂಡ, ಹೆಂಡತಿ, ಮೂರು ಮಕ್ಕಳ ಮನೆ ವಾರ ದೂಡಲು ಕನಿಷ್ಠ ಎಷ್ಟು ಬೇಕು ಎಂದು ಲೆಕ್ಕ ಹಾಕಿದಾಗ ಬಂದ ಮೊತ್ತ 21 ಶಿಲಿಂಗ್ 8 ಪೆನ್ಸ್. ಈ ಮೊತ್ತದಲ್ಲಿ ಏನೇನು ಇಲ್ಲ ಎಂಬುದನ್ನು ಅವನೇ ವಿವರವಾಗಿ ಬರೆದಿದ್ದಾನೆ. ರೈಲಿಗೆ, ಬಸ್ಸಿಗೆ ದುಡ್ಡಿಲ್ಲ. ಊರು ಬಿಟ್ಟ ಮಗನಿಗೆ ಕಾಗದ ಹಾಕಲು ಅಂಚೆಚೀಟಿಯಿಲ್ಲ. ದಿನಪತ್ರಿಕೆಯಿಲ್ಲ, ಚರ್ಚಿಗೆ ಕಾಣಿಕೆಯಿಲ್ಲ, ಹುಡುಗಿಗೆ ಬೊಂಬೆಯಿಲ್ಲ, ಹುಡುಗನಿಗೆ ಗೋಲಿಯಿಲ್ಲ. ದೇಹ ದುಡಿಯುವಷ್ಟು ಬದುಕಿರಲು ಬೇಕಾದದ್ದು ಮಾತ್ರ. ಇಷ್ಟು ಜಿಪುಣವಾಗಿ ಎಳೆದ ಗೆರೆಯನ್ನೂ ಮುಟ್ಟದವರು, ಮುಟ್ಟಿದರೂ ಬಡತನದಲ್ಲೇ ತೊಳಲುತ್ತಿದ್ದವರು ಒಟ್ಟು ಸೇರಿ ಊರಿನ ಜನಸಂಖ್ಯೆಯ ಶೇ 27.84. ಲಂಡನ್ನಿನಲ್ಲಿ ಇಂಥದೇ ಸಮೀಕ್ಷೆ ಮಾಡಿದ್ದ ಚಾರ್ಲ್ಸ್ ಬೂತ್ ಕಂಡುಕೊಂಡಿದ್ದದ್ದು ಶೇ 30.7. ಬಡವರು ಸೋಮಾರಿತನದಿಂದ, ಕುಡಿತದಿಂದ ಬಡವರಾಗುತ್ತಾರೆ ಎಂದು ನಂಬಿಕೊಂಡಿದ್ದ ದೇಶಕ್ಕೆ ರೌಂಟ್ರಿ ಇನ್ನೂ ಒಂದು ಸಂಗತಿ ತೋರಿಸಿದ. ಕೂಲಿಕಾರನ ಬದುಕಿನಲ್ಲಿ ಬಡತನ ಅಲೆಅಲೆಯಾಗಿ ಬರುತ್ತದೆ. ತಾನು ಮಗುವಾಗಿದ್ದಾಗ ಒಮ್ಮೆ, ತನಗೆ ಮಕ್ಕಳಾದಾಗ ಮತ್ತೊಮ್ಮೆ, ಮುಪ್ಪಿನಲ್ಲಿ ಮಗದೊಮ್ಮೆ. ಸಂಬಳ ಮಕ್ಕಳ ತಲೆ ಎಣಿಸಿ ಬರುವುದಿಲ್ಲವಲ್ಲ.

ಈ ಕೊನೆಯ ಮಾತನ್ನು ಹಿಡಿದುಕೊಂಡು ಬದುಕು ಸವೆಸಿದವಳು ಎಲಿನೋರ್ ರಾತ್‌ಬೋನ್. ಲಿವರ್‌ಪೂಲಿನ ಹಡಗು ವ್ಯಾಪಾರಿಗಳ ಮನೆಯ ಮಗಳು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಹೆಂಡಂದಿರಿಗೆ ಸರ್ಕಾರ ನೇರವಾಗಿ, ಮಕ್ಕಳ ಸಂಖ್ಯೆ ನೋಡಿ ಹಣ ಕೊಡುತ್ತಿತ್ತು. ಲಿವರ್‌ಪೂಲಿನಲ್ಲಿ ಅದನ್ನು ಹಂಚುವ ಕೆಲಸದಲ್ಲಿದ್ದ ರಾತ್‌ಬೋನ್ ಕಣ್ಣಾರೆ ಕಂಡಳು: ಗಂಡ ಯುದ್ಧಕ್ಕೆ ಹೋದ ಮನೆಗಳಲ್ಲೂ ಮಕ್ಕಳ ಮೈಗೆ ಬಟ್ಟೆ, ಹೊಟ್ಟೆಗೆ ಊಟ ಮೊದಲಿಗಿಂತ ಚೆನ್ನಾಗಿತ್ತು. 1924ರಲ್ಲಿ ‘ದಿ ಡಿಸ್‌ಇನ್ಹೆರಿಟೆಡ್ ಫ್ಯಾಮಿಲಿ’ ಎಂಬ ಪುಸ್ತಕ ಬರೆದು, ಮಕ್ಕಳನ್ನು ಸಾಕುವ ತಾಯಂದಿರಿಗೆ ರಾಜ್ಯವೇ ಹಣ ಕೊಡಬೇಕೆಂದು ವಾದಿಸಿದಳು. 1929ರಲ್ಲಿ ಸಂಸತ್ತಿಗೆ ಬಂದಳು, ಕೊನೆಯವರೆಗೂ ಇದೇ ಹಟ.

ರಾತ್‌ಬೋನ್‌ಳ ಬದುಕಿನಲ್ಲಿ ನಮ್ಮ ಕಡೆಯವರೊಬ್ಬರು ಹಾದುಹೋಗುತ್ತಾರೆ. ಅಮೆರಿಕದ ಲೇಖಕಿ ಕ್ಯಾಥರೀನ್ ಮೇಯೋಳ ‘ಮದರ್ ಇಂಡಿಯಾ’ ಪುಸ್ತಕ ಓದಿ ಕಳವಳಗೊಂಡ ರಾತ್‌ಬೋನ್ 1929ರಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಭಾರತೀಯ ಮಹಿಳೆಯರ ಸ್ಥಿತಿಗತಿ ಕುರಿತು ಒಂದು ಸಮಾವೇಶ ನಡೆಸಿದಳು. ಸಭೆಯಲ್ಲಿ ಎದ್ದು ನಿಂತು, ನಮ್ಮ ದೇಶದ ಕೆಡುಕುಗಳ ಬಗ್ಗೆ ಸಭೆ ಸೇರಿಸಲು ನಿಮಗೇನು ಹಕ್ಕು ಎಂದು ಕೇಳಿದವರು ಧನ್ವಂತಿ ರಾಮರಾವ್. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರು, ಮುಂದೆ ಭಾರತದ ಕುಟುಂಬ ಯೋಜನಾ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅಂಕಿ ಅಂಶ ಹಿಡಿದು ಇನ್ನೊಬ್ಬರ ಮನೆಗೆ ಕಾಲಿಡುವವರು ಆ ಮನೆಯವರ ಮಾತನ್ನೂ ಕೇಳಬೇಕು. ತನ್ನ ದೇಶದ ತಾಯಂದಿರ ವಿಷಯದಲ್ಲಿ ರಾತ್‌ಬೋನ್ ಹಾಗೆ ಕೇಳಿಸಿಕೊಂಡವಳೇ.

ಆಕೆಯ ಪುಸ್ತಕ ಓದಿ ಮನಸ್ಸು ಬದಲಿಸಿದವರಲ್ಲಿ ವಿಲಿಯಂ ಬೆವರಿಜ್ ಒಬ್ಬ. ಅವಿಭಜಿತ ಬಂಗಾಳದ ರಂಗಪುರದಲ್ಲಿ, ಐಸಿಎಸ್ ಅಧಿಕಾರಿಯ ಮಗನಾಗಿ 1879ರಲ್ಲಿ ಹುಟ್ಟಿದವನು. 1942ರ ಡಿಸೆಂಬರ್‌ನಲ್ಲಿ, ಬಾಂಬುಗಳ ನಡುವೆ, ಬೆವರಿಜ್ ವರದಿ ಹೊರಬಂದಾಗ ಅದನ್ನು ಕೊಳ್ಳಲು ಜನ ಸಾಲುಗಟ್ಟಿ ನಿಂತರು. ಯುದ್ಧ ಮುಗಿದ ಮೇಲಿನ ಬ್ರಿಟನ್ನಿನ ನೀಲನಕ್ಷೆ ಅದು. ಮಕ್ಕಳ ಭತ್ಯೆ ಅದರ ಅಡಿಗಲ್ಲುಗಳಲ್ಲಿ ಒಂದು. ವಾರಕ್ಕೆ ಸರಾಸರಿ 8 ಶಿಲಿಂಗ್ ಕೊಡಬೇಕೆಂದು ಅವನು ಬರೆದಿದ್ದ. 1945ರ ಮಸೂದೆಯಲ್ಲಿ ಅದು 5 ಶಿಲಿಂಗ್‌ಗೆ ಇಳಿಯಿತು, ಅದೂ ಎರಡನೆಯ ಮಗುವಿನಿಂದ ಆಚೆಗೆ. ಜೊತೆಗೆ ಹಣ ತಂದೆಯ ಹೆಸರಿಗೆ ಎಂದಿತ್ತು. ರಾತ್‌ಬೋನ್‌ಗೆ ಆಗ ಎಪ್ಪತ್ತು ದಾಟಿತ್ತು. ತಾನು ಜೀವನವಿಡೀ ಬೇಡಿದ ಮಸೂದೆಯ ವಿರುದ್ಧವೇ ಮತ ಹಾಕುತ್ತೇನೆ ಎಂದು ನಿಂತಳು. ಸರ್ಕಾರ ಮಣಿಯಿತು, ಹಣ ತಾಯಿಯ ಹೆಸರಿಗೆ ಬಂತು. 1946ರ ಆಗಸ್ಟ್ 6ರಂದು ಮೊದಲ ಸಲ ತಾಯಂದಿರು ಅಂಚೆ ಕಚೇರಿಯ ಮುಂದೆ ನಿಂತು ಐದು ಶಿಲಿಂಗ್ ಪಡೆದರು. ಅದನ್ನು ನೋಡಲು ರಾತ್‌ಬೋನ್ ಇರಲಿಲ್ಲ. ಆ ವರ್ಷದ ಜನವರಿ 2ರಂದೇ ತೀರಿಕೊಂಡಿದ್ದಳು.

ಬೆವರಿಜ್ ಯೋಜನೆಯಲ್ಲಿ ಒಂದು ದೊಡ್ಡ ಬಿರುಕಿತ್ತು. ದುಡಿಯುವ ಗಂಡಸು, ಮನೆಯಲ್ಲಿರುವ ಹೆಂಡತಿ, ಮಕ್ಕಳು: ಅವನು ಕಂಡ ಸಂಸಾರ ಇದು. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳಲು ನೌಕರಿ ಬಿಟ್ಟ ಮಗಳು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಮೇರಿ ವೆಬ್‌ಸ್ಟರ್ ಅಂಥ ಮಗಳು. ಚರ್ಚಿನ ಪಾದ್ರಿಯಾಗಿದ್ದವಳು, 1954ರಲ್ಲಿ, 31ರ ಹರೆಯದಲ್ಲಿ, ಮುದಿ ತಂದೆತಾಯಿಗಾಗಿ ಕೆಲಸ ಬಿಟ್ಟಳು. ಸಂಬಳ ನಿಂತಿತು. ವಿಮೆಯ ಕಂತು ನಿಂತಿತು, ಅಂದರೆ ನಾಳೆಯ ಪಿಂಚಣಿಗೂ ಕತ್ತರಿ. 1963ರಲ್ಲಿ ಆಕೆ ಪತ್ರಿಕೆಗಳಿಗೆ ಕಾಗದ ಬರೆದಳು: ನನ್ನಂತೆ ಇನ್ನೆಷ್ಟು ಜನರಿದ್ದೀರಿ? ದೇಶದ ಮೂಲೆಮೂಲೆಯಿಂದ ಒಂಟಿ ಹೆಂಗಸರ ಉತ್ತರಗಳು ಬಂದು ರಾಶಿ ಬಿದ್ದವು. ಸರ್ಕಾರದ ಯಾವ ಕೋಷ್ಟಕದಲ್ಲೂ ಇಲ್ಲದ ಜನ ಅಂಚೆಯ ಮೂಲಕ ತಮ್ಮನ್ನು ತಾವೇ ಎಣಿಸಿಕೊಂಡರು. 1965ರಲ್ಲಿ ಅವರದೇ ರಾಷ್ಟ್ರೀಯ ಸಂಘಟನೆ ಹುಟ್ಟಿತು. ಇಂದಿನ ‘ಕೇರರ್ಸ್ ಯುಕೆ’ಗೆ ಬೇರು ಅದೇ. ಮೇರಿ ವೆಬ್‌ಸ್ಟರ್ 1969ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಹೋದಳು.

ಅದೇ 1965ರಲ್ಲಿ ಇನ್ನೊಂದು ಲೆಕ್ಕ ಹೊರಬಿತ್ತು. ಅಷ್ಟರಲ್ಲಿ ಬ್ರಿಟನ್ ತನ್ನ ಬಡತನ ಮುಗಿಯಿತೆಂದು ನೆಮ್ಮದಿಯಿಂದ ಇತ್ತು. ಮುದುಕನಾದ ರೌಂಟ್ರಿಯೇ 1950ರಲ್ಲಿ ಮೂರನೆಯ ಸಲ ಯಾರ್ಕ್ ಸಮೀಕ್ಷೆ ಮಾಡಿಸಿ, ಕಾರ್ಮಿಕ ವರ್ಗದಲ್ಲಿ ಬಡವರು ಶೇ 2.77ಕ್ಕೆ ಇಳಿದಿದ್ದಾರೆ ಎಂದಿದ್ದ. ಅದರ ಕಾಗದಗಳನ್ನು ಮರಳಿ ತೆರೆದು ನೋಡಿದ ವಿದ್ವಾಂಸರು ಇಳಿಕೆ ಅಷ್ಟು ದೊಡ್ಡದಲ್ಲ ಎಂದು ತೋರಿಸಿದ್ದು ದಶಕಗಳ ಮೇಲೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಬಳಗದ ಬ್ರಯನ್ ಏಬಲ್‌ಸ್ಮಿತ್ ಮತ್ತು ಪೀಟರ್ ಟೌನ್‌ಸೆಂಡ್ ಬೇರೆ ದಾರಿ ಹಿಡಿದರು. ಬೆಲೆ ಸೂಚ್ಯಂಕ ಸಿದ್ಧಪಡಿಸಲೆಂದು ಕಾರ್ಮಿಕ ಸಚಿವಾಲಯ ಮನೆಗಳ ಖರ್ಚುವೆಚ್ಚ ಸಮೀಕ್ಷೆ ಮಾಡುತ್ತಿತ್ತು. ಯಾರು ಎಷ್ಟು ಬ್ರೆಡ್ ಕೊಂಡರು, ಎಷ್ಟು ಕಲ್ಲಿದ್ದಲು ಸುಟ್ಟರು ಎಂಬ ಆ ಹಾಳೆಗಳಲ್ಲೇ ಬಡವರೂ ಇದ್ದಾರೆ, ಹುಡುಕಿದವರಿಲ್ಲ ಅಷ್ಟೆ ಎಂದು ಇವರು ಮನಗಂಡರು. 1965ರ ಕ್ರಿಸ್‌ಮಸ್ ಹೊತ್ತಿಗೆ ‘ದಿ ಪೂರ್ ಅಂಡ್ ದಿ ಪೂರೆಸ್ಟ್’ ಪ್ರಕಟವಾಯಿತು. 1960ರಲ್ಲಿ ಬಡತನದಲ್ಲಿ ಅಥವಾ ಅದರ ಅಂಚಿನಲ್ಲಿ ಇದ್ದವರು ಜನಸಂಖ್ಯೆಯ ಶೇ 14.2, ಸುಮಾರು 75 ಲಕ್ಷ ಜನ. ಅವರಲ್ಲಿ ಮಕ್ಕಳೇ ಸುಮಾರು 22.5 ಲಕ್ಷ. ಬಡತನ ಎಂದರೆ ಮುದುಕರ ಕಷ್ಟ ಎಂದುಕೊಂಡಿದ್ದವರಿಗೆ ಕೂಲಿಗೆ ಹೋಗುವ ಅಪ್ಪಂದಿರ ಮಕ್ಕಳು ಕಂಡರು. ಆ ವಾರವೇ, ಡಿಸೆಂಬರ್ 23ರಂದು, ಹೊಸದಾಗಿ ಹುಟ್ಟಿದ್ದ ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್‌ನವರು ಪ್ರಧಾನಿ ಹ್ಯಾರಲ್ಡ್ ವಿಲ್ಸನ್‌ಗೆ ಮನವಿ ಕೊಟ್ಟರು.

ಫ್ರಾಂಕ್ ಫೀಲ್ಡ್ 1976ರಲ್ಲಿ ಸಿಡಿಸಿದ ಮದ್ದಿನ ಹಿಂದೆ ಇಷ್ಟು ಚರಿತ್ರೆಯಿತ್ತು. ಲೇಖನ ಬಂದ ಮೇಲೆ ಕಾರ್ಮಿಕ ಸಂಘಗಳು ತಿರುಗಿಬಿದ್ದವು, ತಮ್ಮ ಹೆಸರಿನಲ್ಲಿ ನಡೆದ ಸುಳ್ಳು ಅವರಿಗೂ ಈಗ ಗೊತ್ತಾಗಿತ್ತು. ಸರ್ಕಾರ ಹಿಂದೆ ಸರಿದು, 1977ರ ಏಪ್ರಿಲ್‌ನಿಂದ ಹಂತಹಂತವಾಗಿ ಭತ್ಯೆ ಜಾರಿಗೆ ತಂದಿತು. 1979ರ ಏಪ್ರಿಲ್ ಹೊತ್ತಿಗೆ ಪ್ರತಿ ಮಗುವಿಗೂ ವಾರಕ್ಕೆ 4 ಪೌಂಡ್, ತಾಯಿಯ ಕೈಗೆ.

ಇತ್ತ ಲೇಖನ ಬಂದ ಮರುತಿಂಗಳು, 1976ರ ಜುಲೈನಲ್ಲಿ, ಮೇರಿ ವೆಬ್‌ಸ್ಟರ್ ಬೇಡಿದ್ದ ಭತ್ಯೆಯೂ ಶುರುವಾಯಿತು. ಹೆಸರು ‘ಇನ್ವ್ಯಾಲಿಡ್ ಕೇರ್ ಅಲೋವೆನ್ಸ್’, ರೋಗಿಯ ಆರೈಕೆಗಾಗಿ ಕೆಲಸ ಬಿಟ್ಟವರಿಗೆ. ಆದರೆ ಮದುವೆಯಾದ ಹೆಂಗಸಿಗೆ ಇಲ್ಲ, ಗಂಡಸಿನೊಂದಿಗೆ ಸಂಸಾರ ಮಾಡುವವಳಿಗೂ ಇಲ್ಲ. ಅವಳು ಹೇಗೂ ಮನೆಯಲ್ಲೇ ಇರುತ್ತಾಳಲ್ಲ ಎಂಬುದು 1974ರ ಶ್ವೇತಪತ್ರದ ತರ್ಕ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಕ್ರೂರವಾಗಿ ಕಾಣುವುದು ಇದು. ಪಕ್ಷಾಘಾತವಾದ ಗಂಡನನ್ನು ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸುವ ಹೆಂಡತಿಯ ಕೆಲಸ ಸರ್ಕಾರದ ಕಣ್ಣಿಗೆ ಕೆಲಸವೇ ಅಲ್ಲ. ಅದೇ ಕೆಲಸವನ್ನು ಅವಳ ಮದುವೆಯಾಗದ ತಂಗಿ ಮಾಡಿದರೆ ಭತ್ಯೆಗೆ ಅರ್ಹಳು.

ಹತ್ತು ವರ್ಷ ಹೀಗೇ ನಡೆಯಿತು. 1984ರಲ್ಲಿ ಜಾಕ್ವೆಲಿನ್ ಡ್ರೇಕ್ ಎಂಬ ವಿವಾಹಿತೆ, ತೀವ್ರ ಅಂಗವೈಕಲ್ಯವಿದ್ದ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಳು. ಮುಂದೆ ಭತ್ಯೆಗೆ ಅರ್ಜಿ ಹಾಕಿದಳು. ಇಲ್ಲ ಎಂದರು. ಪ್ರಕರಣ ಯುರೋಪಿಯನ್ ನ್ಯಾಯಾಲಯಕ್ಕೆ ಹೋಯಿತು. ಸಾಮಾಜಿಕ ಭದ್ರತೆಯಲ್ಲಿ ಗಂಡುಹೆಣ್ಣಿನ ಭೇದ ಕೂಡದೆಂಬ ಯುರೋಪಿನ ನಿಯಮಕ್ಕೆ ಇದು ವಿರುದ್ಧ ಎಂದು 1986ರ ಜೂನ್ 24ರಂದು ತೀರ್ಪು ಬಂತು. ಸೋಲು ಖಚಿತವೆಂದು ಅರಿತ ಥ್ಯಾಚರ್ ಸರ್ಕಾರ ಅದರ ಹಿಂದಿನ ದಿನವೇ, ವಿವಾಹಿತೆಯರಿಗೂ ಕೊಡುತ್ತೇವೆ ಎಂದು ಘೋಷಿಸಿತ್ತು. ಒಬ್ಬ ಹೆಂಗಸಿನ ಅರ್ಜಿಯಿಂದ ಸಾವಿರಾರು ಮನೆಗಳಿಗೆ ಹಣ ಬಂತು. ಇದೇ ಕಾಲದಲ್ಲಿ, 1985ರ ಸರ್ಕಾರಿ ಮನೆವಾರು ಸಮೀಕ್ಷೆಯಲ್ಲಿ, ನೀವು ಯಾರನ್ನಾದರೂ ಆರೈಕೆ ಮಾಡುತ್ತೀರಾ ಎಂದು ಮೊದಲ ಸಲ ಕೇಳಿದರು. ಉತ್ತರ: ಸುಮಾರು 60 ಲಕ್ಷ ಜನ. ಅಂಥ ಪ್ರಶ್ನೆ ಜನಗಣತಿಗೆ ಬರಲು 2001 ಆಗಬೇಕಾಯಿತು.

ಎಣಿಕೆ ತನಗೆ ಕಹಿಯಾದಾಗ ಸರ್ಕಾರ ಏನು ಮಾಡುತ್ತದೆ ಎಂಬುದಕ್ಕೂ ಅದೇ ದಶಕ ಸಾಕ್ಷಿ. ಸರ್ಕಾರದ ನೆರವಿನ ಮಟ್ಟಕ್ಕಿಂತ ಕೆಳಗೆ ಎಷ್ಟು ಕುಟುಂಬಗಳಿವೆ ಎಂದು ತೋರಿಸುವ ಅಂಕಿ ಅಂಶ ಅಲ್ಲಿಯವರೆಗೆ ನಿಯತವಾಗಿ ಬರುತ್ತಿತ್ತು. 1988ರಲ್ಲಿ ಅದನ್ನು ನಿಲ್ಲಿಸಿ, ‘ಹೌಸ್‌ಹೋಲ್ಡ್ಸ್ ಬಿಲೋ ಆ್ಯವರೇಜ್ ಇನ್‌ಕಮ್’ ಎಂಬ ಹೊಸ ಮಾಲೆ ತಂದರು. ಹಳೆಯದನ್ನು ಸಂಸದೀಯ ಸಮಿತಿಗಾಗಿ ಮುಂದುವರಿಸಿದ್ದು ‘ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್’. ಅತಿ ಬಡವರ ಆದಾಯ ಸರಾಸರಿಗಿಂತ ವೇಗವಾಗಿ ಏರಿದೆ ಎಂಬ ಸರ್ಕಾರದ ಹೆಗ್ಗಳಿಕೆ ತಪ್ಪು ಲೆಕ್ಕದಿಂದ ಬಂದದ್ದು, ನಿಜಕ್ಕೂ ಅದು ಸರಾಸರಿಗಿಂತ ಹಿಂದೆ ಬಿದ್ದಿದೆ ಎಂದು 1990ರಲ್ಲಿ ಹೊರಗೆಳೆದದ್ದೂ ಅವರೇ. ನಡುವೆ, 1989ರ ಮೇ ತಿಂಗಳಲ್ಲಿ, ಸಚಿವ ಜಾನ್ ಮೂರ್ ಹಳೆಯ ಅರ್ಥದ ಬಡತನ ಮುಗಿದುಹೋಗಿದೆ ಎಂದು ಭಾಷಣ ಮಾಡಿದ್ದರು. ಮಕ್ಕಳ ಭತ್ಯೆ ಆಗ ಮೂರು ವರ್ಷ ಒಂದು ಪೆನ್ನಿಯೂ ಏರದೆ ನಿಂತಿತ್ತು.

ಹೊಸ ಮಾಲೆಯೇ ಮುಂದೆ ಸರ್ಕಾರಗಳ ಕಾಲಿಗೆ ತೊಡರಿತು ಎಂಬುದು ಸಮಾಧಾನದ ಸಂಗತಿ. ದೇಶದ ಎಲ್ಲರನ್ನೂ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಆದಾಯ ಎಷ್ಟೋ, ಅದರ ಶೇ 60ಕ್ಕಿಂತ ಕೆಳಗಿರುವ ಮನೆಯ ಮಗು ಬಡಮಗು. ಮನೆಬಾಡಿಗೆ ಕಳೆಯುವ ಮುನ್ನ ಒಂದು ಲೆಕ್ಕ, ಕಳೆದ ಮೇಲೆ ಇನ್ನೊಂದು. ಈ ಅಳತೆಯಲ್ಲಿ, ಬಾಡಿಗೆ ಕಳೆದ ಮೇಲೆ, 1979ರಲ್ಲಿ ಏಳು ಮಕ್ಕಳಲ್ಲಿ ಒಂದು ಬಡಮಗುವಿದ್ದರೆ ತೊಂಬತ್ತರ ದಶಕದ ಕೊನೆಗೆ ಮೂರಕ್ಕೊಂದು. 1999ರ ಮಾರ್ಚ್ 18ರಂದು ಟೋನಿ ಬ್ಲೇರ್ ಪೂರ್ವ ಲಂಡನ್ನಿನ ಟಾಯ್ನ್‌ಬಿ ಹಾಲ್‌ನಲ್ಲಿ ನಿಂತು, ಇಪ್ಪತ್ತು ವರ್ಷದಲ್ಲಿ ಮಕ್ಕಳ ಬಡತನ ಕೊನೆಗಾಣಿಸುತ್ತೇವೆ ಎಂದು ಮಾತು ಕೊಟ್ಟರು. ತರುಣ ಬೆವರಿಜ್ ಒಂದು ಕಾಲದಲ್ಲಿ ಅಲ್ಲೇ ಉಪ ವಾರ್ಡನ್ ಆಗಿದ್ದ. ಬಾಡಿಗೆ ಕಳೆಯುವ ಮುನ್ನದ ಲೆಕ್ಕದಲ್ಲಿ ಆಗ 34 ಲಕ್ಷ ಬಡಮಕ್ಕಳು. 2010–11ರ ಹೊತ್ತಿಗೆ 23 ಲಕ್ಷಕ್ಕೆ ಇಳಿದರು. ಅರ್ಧಕ್ಕಿಳಿಸುತ್ತೇವೆಂಬ ಗುರಿಗೆ ಆರು ಲಕ್ಷ ಕಡಿಮೆ. ಆದರೂ 11 ಲಕ್ಷ ಮಕ್ಕಳು ಸಣ್ಣ ಸಂಖ್ಯೆಯಲ್ಲ. 2010ರ ಮಾರ್ಚ್‌ನಲ್ಲಿ ಗುರಿಯನ್ನು ಕಾಯ್ದೆಯನ್ನಾಗಿಯೂ ಮಾಡಿದರು.

ಇಲ್ಲಿ ಒಂದು ಹೆಸರನ್ನು ಹೇಳಲೇಬೇಕು. 1995ರಲ್ಲಿ ಮಾಲ್ಕಮ್ ವಿಕ್ಸ್ ಎಂಬ ಲೇಬರ್ ಸಂಸದ ಖಾಸಗಿ ಮಸೂದೆ ಮಂಡಿಸಿ ಒಂದು ಕಾಯ್ದೆ ಮಾಡಿಸಿದರು. ಮನೆಯಲ್ಲಿ ರೋಗಿಯನ್ನು, ಅಂಗವಿಕಲರನ್ನು ನೋಡಿಕೊಳ್ಳುವವರ ಸ್ವಂತ ಸ್ಥಿತಿಯನ್ನೂ ಸ್ಥಳೀಯ ಸಂಸ್ಥೆ ವಿಚಾರಿಸಬೇಕು ಎಂಬ ಕಾಯ್ದೆ, ಆರೈಕೆ ಮಾಡುವವರಿಗೆ ಕಾನೂನಿನಲ್ಲಿ ಸಿಕ್ಕ ಮೊದಲ ಮನ್ನಣೆಗಳಲ್ಲಿ ಒಂದು. ವಿಕ್ಸ್ 2012ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಅವರ ಆತ್ಮಕಥೆ ಬಂದಾಗ, 1976ರಲ್ಲಿ ಗೃಹ ಇಲಾಖೆಯ ಎಳೆಯ ಅಧಿಕಾರಿಯಾಗಿದ್ದ ತಾನೇ ಸಂಪುಟದ ಕಾಗದಗಳನ್ನು ಫ್ರಾಂಕ್ ಫೀಲ್ಡ್‌ಗೆ ಕೊಟ್ಟವನು ಎಂದು ಅದರಲ್ಲಿ ಬರೆದಿದ್ದರು. ಸಿಕ್ಕಿಬಿದ್ದಿದ್ದರೆ ನೌಕರಿ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು. ಬದುಕಿರುವವರೆಗೂ ಅವರು ಅದನ್ನು ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ನಾನು ಗೌರವದಿಂದ ತಲೆಬಾಗುವ ಮನುಷ್ಯ.

2010ರ ನಂತರ ಗಾಳಿ ತಿರುಗಿತು. ಶೇ 60ರ ಗೆರೆಯನ್ನು ಟೀಕಿಸಿದವರ ಮಾತಿನಲ್ಲಿ ಹುರುಳಿತ್ತು. ಆರ್ಥಿಕ ಕುಸಿತದಿಂದ ನಡುವಿನವನ ಆದಾಯವೇ ಇಳಿದಾಗ ಗೆರೆಯೂ ಇಳಿದು, ತಟ್ಟೆಗೆ ಒಂದು ತುತ್ತೂ ಹೆಚ್ಚದ ಮಕ್ಕಳು ಕಾಗದದ ಮೇಲೆ ಬಡತನ ದಾಟಿದ್ದರು. ಅಳತೆಯನ್ನು ತಿದ್ದಬಹುದಿತ್ತು, ಜೊತೆಗೆ ಇನ್ನೊಂದನ್ನು ಇಡಬಹುದಿತ್ತು. ಕ್ಯಾಮರಾನ್ ಸರ್ಕಾರ ಆದಾಯದ ಗುರಿಗಳನ್ನೇ 2016ರಲ್ಲಿ ಕಾಯ್ದೆಯಿಂದ ಕಿತ್ತುಹಾಕಿತು, ‘ಚೈಲ್ಡ್ ಪಾವರ್ಟಿ ಆ್ಯಕ್ಟ್’ ಎಂಬ ಹೆಸರನ್ನೂ ಬದಲಿಸಿತು. ಅಂಕಿ ಅಂಶಗಳನ್ನು ಪ್ರತಿವರ್ಷ ಪ್ರಕಟಿಸುವ ಕಾನೂನಿನ ಕಟ್ಟುಪಾಡೂ ಹೋಗುವುದರಲ್ಲಿತ್ತು. ಮೇಲ್ಮನೆಯಲ್ಲಿ ಡರಮ್‌ನ ಬಿಷಪ್ ಪಾಲ್ ಬಟ್ಲರ್ ತಿದ್ದುಪಡಿ ತಂದು ಸರ್ಕಾರವನ್ನು ಸೋಲಿಸಿದರು. ಗುರಿ ಹೋಯಿತು, ಎಣಿಕೆ ಉಳಿಯಿತು. ಇಂದು ಪ್ರತಿ ಮಾರ್ಚ್‌ನಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಬಡಮಕ್ಕಳ ಸಂಖ್ಯೆ ಬರುವುದರಲ್ಲಿ ಆ ಮತಕ್ಕೆ ದೊಡ್ಡ ಪಾಲಿದೆ.

ಮರುವರ್ಷ, 2017ರ ಏಪ್ರಿಲ್ 6ರಿಂದ, ‘ಎರಡು ಮಕ್ಕಳ ಮಿತಿ’ ಬಂತು. ಆ ದಿನದಿಂದ ಈಚೆಗೆ ಹುಟ್ಟಿದ ಮೂರನೆಯ ಮಗುವಿಗೆ ಕಡಿಮೆ ಆದಾಯದವರ ನೆರವಿನಲ್ಲಿ ಪಾಲಿರಲಿಲ್ಲ. 2025ರ ದರದಲ್ಲಿ ಇದು ಮಗುವೊಂದಕ್ಕೆ ವರ್ಷಕ್ಕೆ ಸುಮಾರು 3,500 ಪೌಂಡ್. ಅವಳಿ ಮಕ್ಕಳು, ದತ್ತು ಮಕ್ಕಳು ಎಂದು ಕೆಲವು ವಿನಾಯಿತಿಗಳಿದ್ದವು. ಅತ್ಯಾಚಾರದಿಂದ ಹುಟ್ಟಿದ ಮಗುವಿಗೂ ವಿನಾಯಿತಿ ಇತ್ತು, ಆದರೆ ತಾಯಿ ಅದನ್ನು ಅರ್ಜಿಯಲ್ಲಿ ಹೇಳಿಕೊಳ್ಳಬೇಕಿತ್ತು. ಪ್ರತಿವರ್ಷ ಪ್ರಕಟವಾಗುವ ಸರ್ಕಾರಿ ಕೋಷ್ಟಕದಲ್ಲಿ ಹಾಗೆ ಹೇಳಿಕೊಂಡವರ ಸಂಖ್ಯೆಗೂ ಒಂದು ಸಾಲಿತ್ತು. 2025ರ ಏಪ್ರಿಲ್ ಹೊತ್ತಿಗೆ ಈ ಮಿತಿಗೆ ಸಿಕ್ಕಿದ್ದ ಮನೆಗಳು ಸುಮಾರು 4.7 ಲಕ್ಷ, ಅವುಗಳಲ್ಲಿದ್ದ ಮಕ್ಕಳು 16 ಲಕ್ಷಕ್ಕೂ ಹೆಚ್ಚು. ಆ ವರ್ಷದ ಮಾರ್ಚ್‌ನಲ್ಲಿ ಬಂದ 2023–24ರ ಲೆಕ್ಕದಲ್ಲಿ, ಬಾಡಿಗೆ ಕಳೆದ ಮೇಲೆ, ಬಡಮಕ್ಕಳು 45 ಲಕ್ಷ, ಶೇ 31. ಅವರಲ್ಲಿ ಹತ್ತಕ್ಕೆ ಏಳು ಮಕ್ಕಳ ಮನೆಯಲ್ಲಿ ಒಬ್ಬರಾದರೂ ದುಡಿಯುವವರಿದ್ದರು. ಅಪ್ಪ ಕೆಲಸಕ್ಕೆ ಹೋದರೂ ಮಗು ಬಡವಾಗಿಯೇ ಇರುತ್ತದೆ ಎಂದು ರೌಂಟ್ರಿ ತೋರಿಸಿ ಆಗ ಸುಮಾರು ಒಂದೂಕಾಲು ಶತಮಾನ. 2025ರ ನವೆಂಬರ್ ಬಜೆಟ್‌ನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್, 2026ರ ಏಪ್ರಿಲ್‌ನಿಂದ ಮಿತಿಯನ್ನು ತೆಗೆಯುವುದಾಗಿ ಘೋಷಿಸಿದರು. 2029–30ರ ಹೊತ್ತಿಗೆ ಇದರಿಂದ 4.5 ಲಕ್ಷ ಮಕ್ಕಳು ಬಡತನದಿಂದ ಹೊರಬರುತ್ತಾರೆ ಎಂಬುದು ಸರ್ಕಾರದ ಅಂದಾಜು.

ಇತ್ತ ಮೇರಿ ವೆಬ್‌ಸ್ಟರ್ ಬೇಡಿದ್ದ ಆರೈಕೆಯ ಭತ್ಯೆಯ ಹೆಸರು 2003ರಲ್ಲಿ ‘ಕೇರರ್ಸ್ ಅಲೋವೆನ್ಸ್’ ಎಂದು ಬದಲಾಯಿತು. ವಾರಕ್ಕೆ 35 ಗಂಟೆಯಾದರೂ ಆರೈಕೆ ಮಾಡಬೇಕು. 2025ರಲ್ಲಿ ಸಿಗುತ್ತಿದ್ದದ್ದು ವಾರಕ್ಕೆ 83.30 ಪೌಂಡ್, ಗಂಟೆಗೆ ಲೆಕ್ಕ ಹಾಕಿದರೆ 2.38 ಪೌಂಡ್. ದೇಶದ ಕನಿಷ್ಠ ಕೂಲಿ ಆಗ ಗಂಟೆಗೆ 12.21. ಪಡೆಯುವವರಲ್ಲಿ ಹೆಚ್ಚಿನವರು ಹೆಂಗಸರೇ. ಇದರ ಜೊತೆ ಹೊರಗೆ ಒಂದಿಷ್ಟು ದುಡಿಯಬಹುದು, ಆದರೆ ಮಿತಿ ದಾಟಿದರೆ ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. 2024–25ರಲ್ಲಿ ಮಿತಿ 151 ಪೌಂಡ್, ಭತ್ಯೆ 81.90. ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬಾಕೆ ವಾರಕ್ಕೆ 152 ಪೌಂಡ್ ಗಳಿಸಿದಳು ಎಂದಿಟ್ಟುಕೊಳ್ಳಿ. ವರ್ಷಕ್ಕೆ 52 ಪೌಂಡ್ ಹೆಚ್ಚು ದುಡಿದ ತಪ್ಪಿಗೆ ಮರಳಿ ಕಟ್ಟಬೇಕಾದದ್ದು 4,258 ಪೌಂಡ್ 80 ಪೆನ್ಸ್. ಇಲಾಖೆ ಸುಮ್ಮನಿದ್ದು ಮೂರು, ನಾಲ್ಕು ವರ್ಷದ ಮೇಲೆ ಎಚ್ಚೆತ್ತರೆ ಮೊತ್ತ ಅಷ್ಟೇ ಪಟ್ಟು ಬೆಳೆಯುತ್ತದೆ.

ನಡೆದದ್ದೂ ಹಾಗೆಯೇ. ತೆರಿಗೆ ಇಲಾಖೆಯ ಕಂಪ್ಯೂಟರು ಪ್ರತಿ ತಿಂಗಳ ಸಂಬಳ ನೋಡಿ, ಇಂಥವರು ಮಿತಿ ದಾಟಿದ್ದಾರೆ ಎಂದು ಭತ್ಯೆ ಕೊಡುವ ಇಲಾಖೆಗೆ ಎಚ್ಚರಿಕೆ ಕಳಿಸುತ್ತಿತ್ತು. ಇಲಾಖೆ ಅದರಲ್ಲಿ ಅರ್ಧದಷ್ಟನ್ನು ಮಾತ್ರ ತೆರೆದು ನೋಡುತ್ತಿತ್ತು. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲೇ ಇದನ್ನು ಎತ್ತಿ ತೋರಿಸಿತ್ತು. 2024ರಲ್ಲಿ ‘ಗಾರ್ಡಿಯನ್’ ಪತ್ರಿಕೆ ಬೆನ್ನು ಹತ್ತಿದಾಗ, ಹೀಗೆ ಸಾಲದ ಸುಳಿಗೆ ಸಿಕ್ಕವರು 1.34 ಲಕ್ಷಕ್ಕೂ ಹೆಚ್ಚು ಎಂದು ಗೊತ್ತಾಯಿತು. ಅವರ ಮೇಲಿದ್ದ ಬಾಕಿ 25 ಕೋಟಿ ಪೌಂಡಿಗೂ ಹೆಚ್ಚು. ಕೆಲವರನ್ನು ವಂಚಕರೆಂದು ನ್ಯಾಯಾಲಯಕ್ಕೂ ಎಳೆದಿದ್ದರು. 2025ರ ನವೆಂಬರ್‌ನಲ್ಲಿ ಬಂದ ಲಿಜ್ ಸೇಯ್ಸ್ ಅವರ ಸ್ವತಂತ್ರ ವರದಿ, ತಪ್ಪು ಹೆಚ್ಚಾಗಿ ವ್ಯವಸ್ಥೆಯದು, ಜನರದಲ್ಲ ಎಂದಿತು. ಹಳೆಯ ಪ್ರಕರಣಗಳನ್ನು ಮತ್ತೆ ತೆರೆಯಲು ಸರ್ಕಾರ ಒಪ್ಪಿತು. ಮಿತಿ 2025ರ ಏಪ್ರಿಲ್‌ನಲ್ಲಿ 196 ಪೌಂಡಿಗೆ ಏರಿತು. ಒಂದು ಪೌಂಡ್ ಹೆಚ್ಚಾದರೆ ಪೂರ್ತಿ ಕಳೆದುಕೊಳ್ಳುವ ನಿಯಮಕ್ಕೆ ಆ ಏರಿಕೆ ಕೈ ಹಚ್ಚಲಿಲ್ಲ.

ಇನ್ನು ಬಡಮಕ್ಕಳ ಮತ್ತು ಆರೈಕೆಯ ಈ ಎರಡೂ ಲೆಕ್ಕಗಳು ಕೂಡುವ ಜಾಗದಲ್ಲಿ ನಿಂತ ಮಕ್ಕಳಿದ್ದಾರೆ: ತಾಯಿಯ ಔಷಧಿ ಎಣಿಸಿಕೊಟ್ಟು, ತಮ್ಮನಿಗೆ ಊಟ ಬಡಿಸಿ ಶಾಲೆಗೆ ಹೋಗುವವರು. ಹದಿನಾರು ತುಂಬದ ಮಗುವಿಗೆ ಆರೈಕೆಯ ಭತ್ಯೆ ಇಲ್ಲ. ತುಂಬಿದರೂ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಪೂರ್ಣಾವಧಿ ಓದುತ್ತಿದ್ದರೆ ಇಲ್ಲ. ಸ್ಕಾಟ್‌ಲೆಂಡ್ ಮಾತ್ರ 2019ರಿಂದ ಹದಿನಾರು ದಾಟಿದ ಎಳೆಯ ಆರೈಕೆದಾರರಿಗೆಂದೇ ವರ್ಷಕ್ಕೊಮ್ಮೆ ಒಂದು ಅನುದಾನ ಕೊಡುತ್ತಿದೆ. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡಿನಲ್ಲಿ ಐದರಿಂದ ಹದಿನೇಳು ವಯಸ್ಸಿನ ಇಂಥ ಮಕ್ಕಳು ಸುಮಾರು 1.2 ಲಕ್ಷ. 2023ರಲ್ಲಿ ಮೊದಲ ಬಾರಿಗೆ ಶಾಲಾ ಗಣತಿಯಲ್ಲಿ ಅವರನ್ನು ಗುರುತಿಸಲು ಶಾಲೆಗಳಿಗೆ ಹೇಳಿದರು. ಸಿಕ್ಕಿದ್ದು ಸುಮಾರು 39,000 ಹೆಸರು. ಬಹುಪಾಲು ಶಾಲೆಗಳು ಕಳಿಸಿದ ಲೆಕ್ಕದಲ್ಲಿ ಅಂಥ ಒಂದು ಮಗುವೂ ಇರಲಿಲ್ಲ.